ಎಲ್ಲರನ್ನೂ ತಡಮಾಡಿ ಕಳಿಸುತ್ತಿದ್ದ ಮೇಡಂ

ಕಳೆದ ವಾರ ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಟ್ಟಿನ ಮಿಲ್ಲಿನಿಂದ ಹುರಿದ ಮೆಂತ್ಯದ ವಾಸನೆ ಬಂತು. ಯಾರೋ ಮೆಂತ್ಯದ ಹಿಟ್ಟಿಗೆಂದು ಬೇಳೆ, ಗೋಧಿ ಎಲ್ಲ ಹುರಿದು ತಂದಿದ್ದರು. ಬೇರೆಯವರಿಗೆ ಆ ವಾಸನೆಗೆ ಬಿಸಿ ಅನ್ನ, ತುಪ್ಪ ನೆನಪಾಗುತ್ತದೆ. ನನಗೆ ನೆನಪಾಗುವುದು ಎಚ್‌ಐವಿ ಪರೀಕ್ಷೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಾನು ಚೊಚ್ಚಲ ಬಸುರಿ. ಚಾಮರಾಜಪೇಟೆಯ ನಮ್ಮ ಮನೆಗೆ ಹತ್ತಿರವೆಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲೇ ಹೆಸರು ಬರೆಸಿದ್ದೆ. ಬೇರೆ ರಕ್ತಪರೀಕ್ಷೆಗಳ ಜೊತೆ, ಒಪ್ಪಿದವರಿಗೆ, ಅದನ್ನೂ ಮಾಡುತ್ತಿದ್ದರು. ಧೈರ್ಯವಾಗಿ ಒಪ್ಪಿ ರಕ್ತ ಕೊಟ್ಟು ಬಂದವಳು ಆಮೇಲೆ ನಿದ್ದೆ ಬಿಟ್ಟೆ. ಸೀನು ಬಂದರೆ ನ್ಯುಮೋನಿಯಾ ಎಂದುಕೊಳ್ಳುವ ಹೆಂಗಸು ನಾನು. ಚಿಕ್ಕಂದಿನಲ್ಲಿ ಕಿವಿ ಚುಚ್ಚಿದ ಸೂಜಿಯಿಂದ ಹಿಡಿದು ನಮ್ಮವರು ಗವಿಪುರಂನಲ್ಲಿ ಗಡ್ಡ ಹೆರೆಸಿಕೊಂಡ ಬ್ಲೇಡಿನ ತನಕ ಎಲ್ಲವನ್ನೂ ವಿಚಾರಣೆಗೆ ಎಳೆದಿದ್ದೆ.

ರಿಪೋರ್ಟ್ ಕೊಡುವ ದಿನ ಕೌನ್ಸೆಲರ್ ಮೇಡಂ ಕೋಣೆಯ ಮುಂದಿನ ಬೆಂಚುಗಳ ತುಂಬ ಬಸುರಿಯರು, ಅವರ ಅಮ್ಮಂದಿರು, ಅತ್ತೆಯರು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಸಾಲು ಮುಂದೆ ಹೋಗುತ್ತಲೇ ಇರಲಿಲ್ಲ.

ನನ್ನ ಸರದಿ ಬಂತು. ಕಾಟನ್ ಸೀರೆಯ, ದಪ್ಪ ಕನ್ನಡಕದ ಹೆಂಗಸು. ನಾನು ಕೂರುವ ಮೊದಲೇ “ನಿಮಗೇನೂ ಇಲ್ಲಮ್ಮ, ನೆಗೆಟಿವ್” ಅಂದರು. ನಾನು ಹೊರಡಲು ತಿರುಗಿದೆ. “ಕೂತ್ಕೊಳ್ಳಿ. ಇಷ್ಟು ಬೇಗ ಬಿಡಲ್ಲ.”

ನನಗೆ ಅಷ್ಟು ಸಾಕಾಯಿತು. ಸುಳ್ಳು ಹೇಳುತ್ತಿದ್ದಾರೆ, ಮೆಲ್ಲಗೆ ನಿಜ ಹೇಳಲು ದಾರಿ ಹುಡುಕುತ್ತಿದ್ದಾರೆ... ಅತ್ತೇಬಿಟ್ಟೆ.

“ನಿಜಾನೇ ಕಣಮ್ಮ” ಎಂದು ರಿಪೋರ್ಟನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಆಮೇಲೆ ದನಿ ತಗ್ಗಿಸಿದರು. “ಹೊರಗೆ ಅಷ್ಟು ಜನ ಈ ಬಾಗಿಲನ್ನೇ ನೋಡ್ತಾ ಕೂತಿದಾರೆ. ಇಲ್ಲದೋರನ್ನ ಬೇಗ ಕಳಿಸಿ, ಇರೋರನ್ನ ಮಾತ್ರ ಕೂರಿಸ್ಕೊಂಡ್ರೆ ಡಂಗುರ ಹೊಡೆದ ಹಾಗೇ ತಾನೇ? ಮೊದ್ಲು ನಾನೂ ಹಾಗೇ ಮಾಡ್ತಿದ್ದೆ. ಒಬ್ಬಳು ಹೊರಗೆ ಹೋಗುವಾಗ ಎಲ್ರೂ ಅವಳನ್ನೇ ನೋಡಿದ್ರು. ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ಹೆರಿಗೆ ನೋವು ಬಂದಾಗ ತಾಯಿಗೊಂದು ಮಾತ್ರೆ, ಹುಟ್ಟಿದ ಮಗೂಗೆ ಸ್ವಲ್ಪ ಔಷಧಿ. ಅಷ್ಟರಲ್ಲೇ ಎಷ್ಟೋ ಮಕ್ಕಳನ್ನ ಉಳಿಸ್ಕೋಬಹುದು. ಆದ್ರೆ ತಾಯಿ ವಾಪಸ್ ಬರಬೇಕಲ್ಲ? ಅದಕ್ಕೇ ಈಗ ಎಲ್ರಿಗೂ ತಡ. ಸರಿ, ಹೇಳಿ, ಮೆಂತ್ಯದ ಹಿಟ್ಟು ಮಾಡ್ತೀರಾ? ನಂದು ಯಾವಾಗ್ಲೂ ಕಹಿ ಆಗತ್ತೆ.”

ಕಣ್ಣೊರೆಸಿಕೊಂಡು ಪಾಠ ಮಾಡಿದೆ. ಮೆಂತ್ಯ ಕೆಂಪಗಾಗಬೇಕು, ಕರಕಾಗಬಾರದು... ನಡುವೆ ಆಯಾ ಇಣುಕಿದಳು. “ಮೇಡಂ, ಡಾಕ್ಟ್ರು ಬೈತಾವ್ರೆ. ಬೇಗ್ ಬೇಗ ಮುಗಿಸ್ಬೇಕಂತೆ.”

“ಬೈಲಿ ಬಿಡು. ತಡ ಆದ್ರೆ ಊಟ ಬಿಡೋಳು ನಾನು ತಾನೇ?” ಎಂದು ಮತ್ತೆ ಬಾಗಿಲು ಹಾಕಿಸಿದರು.

ಹೊರಗೆ ಬಂದು, ನಮ್ಮವರ ಸ್ಕೂಟರಿಗೆ ಕಾಯುತ್ತ ಬೆಂಚಿನಲ್ಲೇ ಕೂತೆ. ನನ್ನ ನಂತರ ಒಳಗೆ ಹೋದವಳು ತೆಳ್ಳಗಿನ ಹುಡುಗಿ. ಅವಳ ಅತ್ತೆ ನನ್ನ ಪಕ್ಕದಲ್ಲಿ ಚಡಪಡಿಸುತ್ತಿದ್ದರು. ಬಾಗಿಲು ತೆರೆಯಲೊಲ್ಲದು...

“ಏನಮ್ಮಾ, ನಿನ್ನೂ ಇಷ್ಟೇ ಹೊತ್ತು ಕೂರ್ಸಿದ್ರಲ್ಲ. ಏನ್ ಕೇಳ್ತಾರೆ ಒಳಗೆ?”

“ಮೆಂತ್ಯದ ಹಿಟ್ಟು ಹೇಗ್ ಮಾಡೋದು ಅಂತ ಕೇಳಿದ್ರು ಕಣಮ್ಮ.”

“ಅಯ್ಯೋ ಇವರ ಮನೆ ಕಾಯ್ವಾಗ! ಸರ್ಕಾರದ ಸಂಬಳ ತಗೊಂಡು ಅಡುಗೆ ಕ್ಲಾಸಾ?”

“ನನ್ನತ್ರ ಮೂಲಂಗಿ ರೇಟು ಕೇಳಿದ್ರು” ಅಂದಳು ಆಚೆ ಕೂತಿದ್ದ ಇನ್ನೊಬ್ಬ ಬಸುರಿ. ಬೆಂಚುಗಳೆಲ್ಲ ನಕ್ಕವು.

ಬಾಗಿಲು ತೆರೆಯಿತು. ಹುಡುಗಿಯ ಕಣ್ಣು ಕೆಂಪಗಿದ್ದವು. ನನ್ನವೂ ಕೆಂಪಗೇ ಇದ್ದವಲ್ಲ! “ನಿಂಗೂ ಹಿಟ್ಟಿನ ಪಾಠ ಆಯ್ತೇನೇ?” ಅಂದರು ಅತ್ತೆ. “ಹೂಂ ಅತ್ತೆ, ಆಯ್ತು” ಅಂದಳು ಅವಳು. “ನಡಿ ನಡಿ, ಆಮೇಲೆ ಬಸ್ಸು ಸಿಗಲ್ಲ.” ಬೆಂಚುಗಳ ಮೇಲಿನವರು ಮೂಲಂಗಿಯ ಮಾತಿನಲ್ಲಿದ್ದರು. ನಾನು ನನ್ನ ಚಪ್ಪಲಿ ನೋಡುತ್ತ ಕೂತೆ.

ಹೆರಿಗೆಗೆ ನಾನು ಸೇರಿದಾಗ ಅದೇ ವಾರ್ಡಿನ ಮೂಲೆಯ ಮಂಚದಲ್ಲಿ ಅವಳಿದ್ದಳು. ಪಕ್ಕದಲ್ಲಿ ಅತ್ತೆ, ಫ್ಲಾಸ್ಕು, ಬಟ್ಟೆಯಲ್ಲಿ ಸುತ್ತಿದ ಮಗು. ಅಂತೂ ವಾಪಸ್ ಬಂದಿದ್ದಳು. ಮೇಡಂ ವಾರ್ಡಿಗೆ ಬಂದವರು ಅವಳ ಹತ್ತಿರ ಎಷ್ಟು ಹೊತ್ತು ನಿಂತರೋ ನನ್ನ ಹತ್ತಿರವೂ ಅಷ್ಟೇ ಹೊತ್ತು ನಿಂತರು, ಉಳಿದವರ ಹತ್ತಿರವೂ. ನಾನು ಮೂಲೆಯ ಮಂಚದ ಕಡೆ ನೋಡಿ, ಕಣ್ಣಲ್ಲೇ ಅವರನ್ನು ಕೇಳಿದೆ.

“ಹಿಟ್ಟು ಚೆನ್ನಾಗ್ ಬಂತು ಕಣಮ್ಮ” ಅಂದರು. ಅಷ್ಟೇ.

ಈಗ ಚಿಕಿತ್ಸೆ ಬದಲಾಗಿದೆ. ಸೋಂಕಿರುವ ತಾಯಂದಿರು ದಿನವೂ ಮಾತ್ರೆ ತೆಗೆದುಕೊಂಡು ಆರೋಗ್ಯವಾಗಿರುತ್ತಾರೆ. ಮೇಡಂ ಮಾತ್ರ ಇಲ್ಲ. ಮೊನ್ನೆ ಆಸ್ಪತ್ರೆಗೇ ಹೋಗಿ ವಿಚಾರಿಸಿದೆ. ತೀರಿಕೊಂಡು ವರ್ಷಗಳೇ ಆದವಂತೆ... ಗೊತ್ತಿಲ್ಲದ ಪ್ರತಿಯೊಂದಕ್ಕೂ ನಿದ್ದೆಗೆಡುವವಳು ನಾನು. ಆದರೆ ಆ ಹುಡುಗಿಗೆ ಸೋಂಕು ಇತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ; ಅದಕ್ಕಾಗಿ ಒಂದು ರಾತ್ರಿಯೂ ನಿದ್ದೆಗೆಟ್ಟಿಲ್ಲ. ಇದನ್ನು ಮೇಡಂಗೊಮ್ಮೆ ಹೇಳಬೇಕಿತ್ತು.