ರುಕ್ಮಿಣಕ್ಕನ ಸ್ಲೈಡುಗಳಿಗೆ ಹೊಂದುವ ಹಾಡು

ರೇಡಿಯೋದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸಾರಂಗಿ ಕೇಳಿಸಿದರೆ ನಾನು ಒಗ್ಗರಣೆ ಸೌಟನ್ನು ಹಾಗೇ ಹಿಡಿದು ನಿಂತುಬಿಡುತ್ತೇನೆ. ಯಾರೋ ದೊಡ್ಡವರು ತೀರಿಹೋಗಿ ರೇಡಿಯೋ ಶೋಕ ಆಚರಿಸುತ್ತಿರಬೇಕು. ಇದು ನನ್ನೊಬ್ಬಳ ಅಭ್ಯಾಸವಲ್ಲ ಎಂದು ತಿಳಿದದ್ದು ಕಳೆದ ವರ್ಷ, ಎದುರು ಮನೆಯ ರುಕ್ಮಿಣಕ್ಕ ತೀರಿಕೊಂಡಾಗ.

ಅವರ ಗಂಡ ವಾಸಣ್ಣನಿಗೆ ಫೋಟೋದ ಹುಚ್ಚು. ಹದಿಮೂರನೆಯ ದಿನ ಊಟವಾದ ಮೇಲೆ ಕಿಟಕಿಗೆ ಕಂಬಳಿ, ಗೋಡೆಗೆ ಬಿಳಿ ಪಂಚೆ ಕಟ್ಟಿ ಹೆಂಡತಿಯ ಸ್ಲೈಡುಗಳನ್ನು ತೋರಿಸಬೇಕು, ಜೊತೆಗೆ ಸಂಗೀತವೂ ಇರಬೇಕು ಎಂದರು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ನಮ್ಮ ಮನೆಯಲ್ಲಿ. ಆದ್ದರಿಂದ ಸಂಗೀತಜ್ಞಾನವೂ ಅಲ್ಲೇ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು.

ನಾನು ಸಾರಂಗಿ ಹಾಕಿ ನೋಡಿದೆ. ಮೇಲಿನ ಮನೆಯ ಮರಾಠಿ ಮಾಸ್ತರರು ಇಳಿದು ಬಂದು, ಯಾವ ಮಂತ್ರಿ ಹೋದರು, ನಾಳೆ ಶಾಲೆಗೆ ರಜೆಯೇ ಎಂದು ವಿಚಾರಿಸಿದರು. ಶಹನಾಯಿ ಹಾಕಿದರೆ ಮದುವೆಮನೆ. ಸಿನಿಮಾ ಹಾಡು ಹಾಕಿದರೆ, ಸ್ಲೈಡಿನಲ್ಲಿ ಜುಹೂ ಕಡಲ ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತ ರುಕ್ಮಿಣಕ್ಕ ಹೀರೋಯಿನ್ ಆಗಿಬಿಡುತ್ತಿದ್ದರು. ಬೆಳಗಿಗೊಂದು ರಾಗ, ಮಳೆಗೊಂದು ರಾಗ ಎಂದು ಶಾಸ್ತ್ರದವರು ಹೇಳಿದ್ದಾರೆ. ಎದುರು ಮನೆಯವರ ರಾಗ ಯಾವುದೆಂದು ಯಾರೂ ಹೇಳಿಲ್ಲ.

ವಾಸಣ್ಣ ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದರು: "ಚಿತ್ರದಲ್ಲಿ ಅವಳಿದ್ದಾಳೆ. ಸ್ವರ ಮಾತ್ರ ಎಲ್ಲಿಯೂ ಇಲ್ಲ. ನನಗೆ ಈಗಲೇ ಮರೆಯುತ್ತಾ ಉಂಟು."

ಆಗ ನನಗೆ ನಮ್ಮ ಶನಿವಾರದ ಭಜನೆಯ ಟೇಪುಗಳು ನೆನಪಾದವು. ಭಜನೆ ನಡೆಸುವ ಸುಮತಿಯಕ್ಕ ಎಲ್ಲಕ್ಕಿಂತ ಚೊಕ್ಕವಾದದ್ದನ್ನು ಆರಿಸಿದರು. ಅದರಲ್ಲಿ ಎಲ್ಲ ಹೆಂಗಸರದೂ ಒಂದೇ ಕಂಠ. ರುಕ್ಮಿಣಕ್ಕ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ, ತಾಳ ಕೆಟ್ಟಿತೆಂದು ಸುಮತಿಯಕ್ಕನೇ ಬದಿಗಿಟ್ಟಿದ್ದ ಟೇಪನ್ನು ಹಾಕಿದೆ. ಪ್ರತಿ ಸಾಲಿನಲ್ಲೂ ಎಲ್ಲರೂ ಮುಗಿಸಿದ ಮೇಲೆ ಎರಡು ಸ್ವರಗಳು ಹಿಂದಿನಿಂದ ಬಂದು ಸೇರುತ್ತಿದ್ದವು. ಒಂದು, ಭಜನೆಯಲ್ಲಿ ಎಲ್ಲರಿಗಿಂತ ಹಿರಿಯರಾದ, ಉಸಿರು ಸಾಲದ ಪದ್ಮಜ್ಜಿಯದು. ಇನ್ನೊಂದು ರುಕ್ಮಿಣಕ್ಕನದು. ನಿಮಗೆ ತಾಳ ಯಾಕೆ ಹಿಡಿಯುವುದಿಲ್ಲ ಎಂದು ಸುಮತಿಯಕ್ಕ ಎಷ್ಟೋ ಶನಿವಾರ ಗದರಿದ್ದರು. ರುಕ್ಮಿಣಕ್ಕ ನಕ್ಕು ಮತ್ತೆ ಹಾಗೆಯೇ ಹಾಡುತ್ತಿದ್ದರು. ಆದರೆ ನಡುವೆ ಪದ್ಮಜ್ಜಿ ಕೆಮ್ಮು ಬಂದು ಸುಮ್ಮನಾದ ಒಂದು ಚರಣವಿತ್ತು. ಅಲ್ಲಿ ರುಕ್ಮಿಣಕ್ಕನ ತಾಳ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸಾಲಿನ ಕೊನೆಯಲ್ಲಿ ಮುದುಕಿ ಒಂಟಿಯಾಗಬಾರದೆಂದು ಇಷ್ಟು ವರ್ಷ ಬೇಕೆಂದೇ ಹಿಂದೆ ಉಳಿದ ರುಕ್ಮಿಣಕ್ಕ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಸುಮತಿಯಕ್ಕ ಟೇಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದರು. "ಇದನ್ನೇ ಹಾಕಿ" ಎಂದರು.

ಹದಿಮೂರನೆಯ ದಿನ ವಾಸಣ್ಣ ಪ್ರತಿ ಸಾಲಿಗೂ ಆ ಸ್ವರ ಮುಗಿಯುವವರೆಗೆ ಕಾದು, ಆಮೇಲೆಯೇ ಸ್ಲೈಡು ಬದಲಿಸುತ್ತಿದ್ದರು. ಮುಂದಿನ ಕುರ್ಚಿಯಲ್ಲಿ ಪದ್ಮಜ್ಜಿ ತಲೆಯಾಡಿಸುತ್ತ ಕೇಳುತ್ತಿದ್ದವರು ಕಣ್ಣೊರೆಸಿಕೊಂಡರು.

"ಪಾಪ, ಇವಳಿಗೆ ತಾಳ ಕೊನೆಗೂ ಹಿಡಿಯಲಿಲ್ಲ. ಒಬ್ಬಳೇ ಆಗಿಬಿಡ್ತಾಳೆ ಅಂತ ನಾನೇ ಜೊತೆಗೆ ನಿಧಾನ ಮಾಡ್ತಿದ್ದೆ."



"ಹೌದು ಅಜ್ಜಿ, ನೀವು ಜೊತೆಗಿರ್ತೀರಿ ಅಂತ ಅವಳೂ ಹೇಳ್ತಿದ್ದಳು" ಎಂದು ವಾಸಣ್ಣ ಮುಂದಿನ ಸ್ಲೈಡು ಹಾಕಿದರು.