ಖುಲ್ತಾಬಾದ್ ದಾರಿಯ ಕಮಾನಿನ ಬಂಗಲೆ

ಮನೆಗಳಿಗೆ ಬಣ್ಣ ಹಚ್ಚಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಾಸಿಕದಿಂದ ಸಂಭಾಜಿನಗರದವರೆಗೆ ಯಾರೂ ಇಲ್ಲ. ಗೋಡೆ ನೋಡಿದರೆ ಸಾಕು, ಮನೆತನದ ಚರಿತ್ರೆಯನ್ನೇ ಹೇಳಿಬಿಡುತ್ತೇನೆ. ಖುಲ್ತಾಬಾದ್ ದಾರಿಯಲ್ಲಿ ದೊಡ್ಡ ಉದ್ಯಮಿಯೊಬ್ಬರ ತೋಟದ ಬಂಗಲೆಗೆ ಬಣ್ಣ ಹಚ್ಚಿಸಬೇಕಿತ್ತು. ಆ ಕೆಲಸ ಸಿಕ್ಕರೆ ವರ್ಷವಿಡೀ ನಾನು ಬೇರೆ ಬಾಗಿಲು ತಟ್ಟಬೇಕಾಗಿರಲಿಲ್ಲ. ಯಜಮಾನತಿಯೂ ನಮ್ಮ ಕಲಬುರಗಿಯವರೇ.

ಗೇಟಿನೊಳಗೆ ಕಾಲಿಟ್ಟರೆ ಕಲ್ಲಿನ ಕಮಾನು, ಬಣ್ಣದ ಗಾಜು, ಎತ್ತರದ ಮಾಡು! ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

“ಏನ್ ಗಾಳಿ, ಏನ್ ಬೆಳಕು ತಾಯಿ! ಹಿರ್ಯಾರು ರಾಜರಂಗ ಬಾಳ್ಯಾರ. ಇಂಥಾ ಮನ್ಯಾಗ ಹುಟ್ಟಾಕ ಪುಣ್ಯ ಬೇಕ್ರಿ!”

ಎದುರಿಗೆ ಬಂದಿದ್ದ ಯಜಮಾನತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಕಾಕಾ, ಚಪ್ಪಲ್ ಹಾಕ್ಕೋರಿ. ಇದು ಕುದುರಿ ಲಾಯ. ನಮ್ಮ ಮಾವನೋರ ಅಪ್ಪಗ ಕುದುರಿ ಹುಚ್ಚು, ಮೊದಲ ಇದನ್ನೇ ಕಟ್ಟಿಸಿದ್ರು. ನಮ್ಮ ಮನಿ ಹಿಂದ ಅದ, ಸಣ್ಣದು.”

ಒಳಗಿನಿಂದ ಒಂದು ಕುದುರೆ ಕೆನೆದು ಸಾಕ್ಷಿ ಹೇಳಿತು.

“ಮನಿಗೆ ಬ್ಯಾರೆಯವ್ರನ್ನ ಕರಸ್ತೀವಿ. ನಿಮಗ ಇದರ ಮ್ಯಾಲೆ ಇಷ್ಟು ಭಕ್ತಿ ಅದ, ಇದಕ್ಕ ನೀವೇ ಹಚ್ರಿ.”

ಹಚ್ಚಿದೆ. ಆ ಬಂಗಲೆಯಲ್ಲಿ ಎಂಥವರಿದ್ದಾರೆ ಎಂದು ಕೇಳಿದವರಿಗೆ, ಭಾಳ ಶಿಸ್ತಿನ ಮಂದಿ, ನಿಂತೇ ನಿದ್ದೆ ಮಾಡುತ್ತಾರೆ ಅನ್ನುತ್ತೇನೆ.