ಹಕ್ಕಿ ಬಿತ್ತಿದ ಗಾಂಜಾ

ತೋಟಗಾರಿಕೆ ಇಲಾಖೆಯವನೆಂದು ಪೊಲೀಸರು ನನ್ನನ್ನು ಪಂಚನಾಮೆಗೆ ಮೇಳಿಗೆ ಊರಿನ ಕಡೆಯ ಶುಂಠಿ ಹೊಲವೊಂದಕ್ಕೆ ಕರೆದೊಯ್ದರು. ಶುಂಠಿಯ ನಡುವೆ ಗಾಂಜಾ ಗಿಡಗಳು ನೆಟ್ಟಗೆ ಸಾಲಾಗಿ ನಿಂತಿದ್ದವು.

"ಹಕ್ಕಿ ಹಿಕ್ಕೇಲಿ ಹುಟ್ಟಿದ್ದು ಸಾರ್, ನಂಗೆಂತ ಗೊತ್ತಿಲ್ಲ" ಎಂದರು ಹೊಲದ ಯಜಮಾನರು. ಹಗ್ಗ ಹಿಡಿದು ಅಳತೆ ಮಾಡಿ ಹಿಕ್ಕೆ ಹಾಕುವ ಹಕ್ಕಿ ಇರಬೇಕು.

ಪಾಪ ಅನ್ನಿಸಿ ನಾನೂ ದನಿಗೂಡಿಸಿದೆ. "ಹೌದು, ಕಾಡುಗಿಡವೇ. ನಮ್ಮ ಥಂಡೀಲಿ ಇದನ್ನ ಬೆಳೆಯೋಕೆ ಯಾರಿಗೂ ಬರಲ್ಲ."

ಯಜಮಾನರ ಮುಖ ಕೆಂಪಾಯಿತು. "ಬರಲ್ವಾ? ಬೇಗ ಹೂ ಬಿಟ್ಟ ಗಿಡದ ಬೀಜಾನೇ ಆರಿಸಿ, ಏಳು ವರ್ಷ ಕಷ್ಟಪಟ್ಟಿದೀನಿ. ಬೇರೆ ಗಾಂಜಾ ಹಗಲು ಸಣ್ಣದಾಗೋದನ್ನ ಕಾಯ್ತದೆ. ಇದು ದಿನ ತುಂಬಿದ್ರೆ ತಾನೇ ಹೂ ಬಿಡ್ತದೆ."

ಎಸ್‌ಐ ಎಲ್ಲವನ್ನೂ ಬರೆದು ಓದಿ ಹೇಳಿದರು. ಯಜಮಾನರದು ಒಂದೇ ತಕರಾರು: "ಬರೀ ಗಿಡ ಅಂತ ಬರ್ದಿದೀರಿ. ತಳಿ ಅಂತ ಹಾಕಿ."